ಸ್ಟ್ರಾಬೆರಿ: ಯಾವ ತಳಿ, ಯಾರ ಮಾತು?

ಮಾವಿನ ಗಿಡ ನೆಡಬೇಕು, ಯಾವುದು ಒಳ್ಳೆಯದು ಎಂದು ಕೇಳಿದರೆ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ಬಾದಾಮಿ, ರಸಪುರಿ, ಮಲ್ಲಿಕಾ, ಉಪ್ಪಿನಕಾಯಿಗಾದರೆ ಅಪ್ಪೆಮಿಡಿ ಎಂದು ಉತ್ತರ ತಯಾರಾಗಿರುತ್ತದೆ. ತಲೆಮಾರುಗಳು ನೆಟ್ಟು, ತಿಂದು, ಬೈದು, ಹೊಗಳಿ ಕೂಡಿಸಿಟ್ಟ ತಿಳಿವಳಿಕೆ ಅದು. ಸ್ಟ್ರಾಬೆರಿಯ ಮಾತಿಗೆ ಬಂದರೆ ನಮಗೆ ಅಂಥ ಆಸ್ತಿಯಿಲ್ಲ. ನರ್ಸರಿಯವರು ವಿಂಟರ್ ಡಾನ್ ತೆಗೆದುಕೊಳ್ಳಿ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನೆಂಟರು ಆಲ್ಬಿಯನ್ ಬಿಟ್ಟು ಬೇರೆ ಬೇಡ ಎನ್ನುತ್ತಾರೆ. ತೋಟಗಾರಿಕೆಯ ಹಳೆಯ ಪುಸ್ತಕ ಚಾಂಡ್ಲರ್, ಟಿಯೋಗಾ, ಸೆಲ್ವಾ ಎಂದು ಪಟ್ಟಿ ಕೊಡುತ್ತದೆ. ಇಂಗ್ಲೆಂಡಿನ ಪುಸ್ತಕ ತೆರೆದರೆ ಕೇಂಬ್ರಿಜ್ ಫೇವರಿಟ್, ರಾಯಲ್ ಸಾವರಿನ್ ಎಂಬ ಬೇರೆಯದೇ ವಂಶಾವಳಿ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರ ಉತ್ತರಕ್ಕೂ ಒಂದು ಊರಿದೆ, ಒಂದು ಹವೆಯಿದೆ. ಆ ಊರು ಬಿಟ್ಟು ಉತ್ತರವನ್ನು ಮಾತ್ರ ಎತ್ತಿಕೊಂಡು ಬಂದಾಗ ಗೊಂದಲ ಶುರುವಾಗುತ್ತದೆ. ಮನೆತೋಟಕ್ಕೆ ತಳಿ ಆರಿಸುವ ಪ್ರಶ್ನೆಯ ಸುತ್ತ ಬೆಳೆದ ವಾದಗಳು ಎಲ್ಲಿ ಹುಟ್ಟಿದವು, ಯಾವುದನ್ನು ವಿವರಿಸುತ್ತವೆ, ನಮ್ಮ ಅಂಗಳಕ್ಕೆ ಎಷ್ಟು ಒಗ್ಗುತ್ತವೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಐದು ಗಿಡಗಳ ಪಯಣ

ಇಂದು ಜಗತ್ತಿನ ಪೇಟೆಗಳಲ್ಲಿ ಸಿಗುವ ದಪ್ಪ ಸ್ಟ್ರಾಬೆರಿ ಯಾವ ಕಾಡಿನಲ್ಲೂ ಹುಟ್ಟಿದ್ದಲ್ಲ. ಅದಕ್ಕಿನ್ನೂ ಮುನ್ನೂರು ವರ್ಷ ತುಂಬಿಲ್ಲ. ಅದಕ್ಕೂ ಮುಂಚೆ ಯುರೋಪಿನವರು ತಿನ್ನುತ್ತಿದ್ದದ್ದು ಬೆರಳ ತುದಿಯಷ್ಟಿರುವ, ಘಮಘಮಿಸುವ ಕಾಡು ಸ್ಟ್ರಾಬೆರಿಯನ್ನು. ಹದಿನೇಳನೆಯ ಶತಮಾನದಲ್ಲಿ ಉತ್ತರ ಅಮೆರಿಕದ ಪೂರ್ವ ಭಾಗದಿಂದ ವರ್ಜೀನಿಯಾ ಸ್ಟ್ರಾಬೆರಿ ಅಲ್ಲಿಗೆ ಬಂತು. ಹಣ್ಣು ಚಿಕ್ಕದಾದರೂ ಬಣ್ಣ, ಹುಳಿ, ಚಳಿ ತಾಳುವ ಶಕ್ತಿ ಅದಕ್ಕಿತ್ತು.

ತಿರುವು ಬಂದದ್ದು 1714ರಲ್ಲಿ. ಫ್ರಾನ್ಸಿನ ಸೇನಾ ಎಂಜಿನಿಯರ್ ಅಮೆಡೆ ಫ್ರಾನ್ಸ್ವಾ ಫ್ರೆಝಿಯೆ ದಕ್ಷಿಣ ಅಮೆರಿಕದ ಸ್ಪೇನ್ ಕೋಟೆಗಳ ಗುಟ್ಟು ತಿಳಿಯಲು ಹೋದವನು, ಹಿಂತಿರುಗುವಾಗ ಚಿಲಿಯ ಕನ್ಸೆಪ್ಸಿಯೋನಿನಿಂದ ಸ್ಟ್ರಾಬೆರಿ ಗಿಡಗಳನ್ನು ತಂದ. ಅಲ್ಲಿನ ಮಪೂಚೆ ಜನ ತಲೆತಲಾಂತರದಿಂದ ಬೆಳೆಸಿಕೊಂಡು ಬಂದಿದ್ದ ದೊಡ್ಡ ಹಣ್ಣಿನ ಜಾತಿ ಅದು. ತಿಂಗಳುಗಟ್ಟಲೆಯ ಹಡಗಿನ ಪಯಣ ಮುಗಿಯುವಾಗ ಐದೇ ಗಿಡ ಉಳಿದಿದ್ದವು. ಆದರೆ ಫ್ರಾನ್ಸಿನಲ್ಲಿ ಅವು ಹೂ ಬಿಟ್ಟವೇ ಹೊರತು ಹಣ್ಣು ಕಟ್ಟಲಿಲ್ಲ. ಚಿಲಿಯ ಜಾತಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ; ದೊಡ್ಡ ಹಣ್ಣು ಹೊತ್ತ ಗಿಡಗಳನ್ನೇ ಆರಿಸಿದ್ದರಿಂದ ಫ್ರೆಝಿಯೆ ತಂದದ್ದೆಲ್ಲ ಹೆಣ್ಣೇ ಆಗಿತ್ತು. ದೊಡ್ಡ ಹಣ್ಣು ನೋಡಿ ಗಿಡ ಆರಿಸುವ ಚಾಳಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಸ್ಟ್ರಾಬೆರಿಯ ಚರಿತ್ರೆಯಲ್ಲಿ ಇದೇ ಮೊದಲ ಸಾಕ್ಷಿ.

ಬ್ರಿಟನಿ ಪ್ರಾಂತ್ಯದ ರೈತರು ಚಿಲಿಯ ಗಿಡಗಳ ನಡುವೆ ವರ್ಜೀನಿಯಾ ಸ್ಟ್ರಾಬೆರಿಯನ್ನೂ ನೆಟ್ಟಾಗ ಹಣ್ಣು ಕಟ್ಟತೊಡಗಿತು. ಯುರೋಪಿನ ತೋಟಗಳಲ್ಲಿ ಎರಡೂ ಜಾತಿ ಹೀಗೆ ಅಕ್ಕಪಕ್ಕ ಬೆಳೆದು, ಬಿದ್ದ ಬೀಜ ಮೊಳೆತು ಹೊಸದೊಂದು ಗಿಡ ಕಾಣಿಸಿಕೊಂಡಿತು. ಅದರ ಹಣ್ಣಿಗೆ ಅನಾನಸಿನ ವಾಸನೆ. ಹದಿಹರೆಯದಲ್ಲೇ ಸ್ಟ್ರಾಬೆರಿಯ ಅಧ್ಯಯನಕ್ಕಿಳಿದಿದ್ದ ಆಂಟ್ವಾನ್ ನಿಕೊಲಾ ದ್ಯುಶೇನ್ ಇದು ಚಿಲಿ ಮತ್ತು ವರ್ಜೀನಿಯಾ ಜಾತಿಗಳ ಮಿಶ್ರ ಸಂತಾನವೆಂದು 1766ರ ತನ್ನ ಪುಸ್ತಕದಲ್ಲಿ ಬರೆದ. ವಂಶವಾಹಿಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಹೇಳಿದ ಆ ಮಾತು ನಿಜವಾಗಿತ್ತು. ಕಾಡು ಸ್ಟ್ರಾಬೆರಿಯ ಜೀವಕೋಶದಲ್ಲಿ 14 ವರ್ಣತಂತುಗಳಿದ್ದರೆ ಈ ಮಿಶ್ರತಳಿಯಲ್ಲಿ 56. ನಮ್ಮ ನರ್ಸರಿಗಳಲ್ಲಿ ಸಿಗುವ ದಪ್ಪ ಹಣ್ಣಿನ ತಳಿಗಳೆಲ್ಲ ಈ ವಂಶದವು. ಬೀಜದಿಂದ ಬೆಳೆಸಿದರೆ ತಾಯಿಯಂಥ ಮಗು ಹುಟ್ಟದಿರುವುದಕ್ಕೆ ಕಾರಣವೂ ಈ ಬೆರಕೆ ಹುಟ್ಟೇ.

ದ್ಯುಶೇನನ ಹೆಸರು ಹೊತ್ತ ಇನ್ನೊಂದು ಗಿಡ ನಮ್ಮಲ್ಲಿ ತೋಟಗಾರರನ್ನು ಮೋಸಗೊಳಿಸುವುದುಂಟು. ದ್ಯುಶೇನಿಯಾ ಇಂಡಿಕಾ ಎಂದು ಕರೆಸಿಕೊಂಡಿದ್ದ, ಹಳದಿ ಹೂವಿನ, ನೆಲದ ಮೇಲೆ ಹಬ್ಬುವ ಗಿಡ ಅದು. ಕೆಂಪು ಹಣ್ಣು ಮುದ್ದಾಗಿ ಕಾಣುತ್ತದೆ, ಬಾಯಿಗಿಟ್ಟರೆ ಸಪ್ಪೆ. ಸ್ಟ್ರಾಬೆರಿಯ ಹೂ ಸಾಮಾನ್ಯವಾಗಿ ಬಿಳಿ, ಕೆಲವು ಅಲಂಕಾರಿಕ ತಳಿಗಳಲ್ಲಿ ಗುಲಾಬಿ. ಸಸಿ ಕೊಳ್ಳುವಾಗ ಹಳದಿ ಹೂ ಕಂಡರೆ ಅದು ಸ್ಟ್ರಾಬೆರಿಯಲ್ಲ ಎಂದು ತಿಳಿಯಬೇಕು.

ಮೊದಲ ಜಗಳ: ಹೆಣ್ಣೋ ಗಂಡೋ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ತಳಿ ಆಯ್ಕೆಯ ಚರ್ಚೆ ನಡೆದದ್ದು ಲಿಂಗದ ಮೇಲೆ. ಬಾಸ್ಟನ್ ಬಳಿಯ ಚಾರ್ಲ್ಸ್ ಹೋವಿ 1830ರ ದಶಕದಲ್ಲಿ ತನ್ನ ಹೆಸರಿನ ತಳಿಯೊಂದನ್ನು ಬಿಡುಗಡೆ ಮಾಡಿ ಹೆಸರು ಗಳಿಸಿದ್ದ. ಸಿನ್ಸಿನಾಟಿಯ ನಿಕೊಲಸ್ ಲಾಂಗ್‌ವರ್ತ್, ಕೆಲವು ಸ್ಟ್ರಾಬೆರಿ ತಳಿಗಳು ಬರೀ ಹೆಣ್ಣು ಹೂ ಬಿಡುತ್ತವೆ, ಪಕ್ಕದಲ್ಲಿ ಪರಾಗ ಕೊಡುವ ತಳಿ ಇಲ್ಲದಿದ್ದರೆ ಅವು ಬಂಜೆ ಎಂದು ವಾದಿಸಿದ. ಹೋವಿ ಒಪ್ಪಲಿಲ್ಲ. ವರ್ಷಗಟ್ಟಲೆ ಪತ್ರಿಕೆಗಳಲ್ಲಿ ವಾಗ್ಯುದ್ಧ ನಡೆಯಿತು. ತಮಾಷೆಯೆಂದರೆ ಹೋವಿಯ ತಳಿಯೇ ಹೆಣ್ಣು ಹೂವಿನದು.

1850ರ ದಶಕದಲ್ಲಿ ಜನಪ್ರಿಯವಾದ ವಿಲ್ಸನ್ ತಳಿ ಈ ಜಗಳವನ್ನು ತಣ್ಣಗಾಗಿಸಿತು. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುವ ತಳಿ ಅದು. ಈಗ ಮಾರಾಟಕ್ಕಿರುವ ತಳಿಗಳೂ ಅಂಥವೇ, ಒಂದೇ ತಳಿ ನೆಟ್ಟರೂ ಹಣ್ಣು ಬರುತ್ತದೆ. ಪರಾಗಸ್ಪರ್ಶದ ಚಿಂತೆ ಮಾತ್ರ ಪೂರ್ತಿ ಹೋಗಿಲ್ಲ. ಹೂವಿನ ಎಲ್ಲ ಭಾಗಕ್ಕೂ ಪರಾಗ ತಾಗದಿದ್ದರೆ ಹಣ್ಣು ಸೊಟ್ಟಗಾಗುತ್ತದೆ. ಜೇನು ಸುಳಿಯದ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಹಣ್ಣು ವಕ್ರವಾದಾಗ ತಳಿಯನ್ನು ಬೈಯುವ ಮುನ್ನ ಮೆತ್ತನೆಯ ಕುಂಚವೊಂದನ್ನು ಹೂವಿನ ಮೇಲೆ ಆಡಿಸಿ ನೋಡಬಹುದು.

ಹಗಲಿನ ಲೆಕ್ಕ ಹೇಳುವವರು

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಹೂವಿನಿಂದ ಆಕಾಶಕ್ಕೆ ಏರಿತು. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಗಿಡಗಳು ಹಗಲಿನ ಉದ್ದವನ್ನು ಅಳೆದು ಹೂ ಬಿಡುತ್ತವೆ ಎಂದು ತೋರಿಸಿದರು. ಇದೇ ಇಲಾಖೆಯ ಜಾರ್ಜ್ ಡ್ಯಾರೋ ಈ ತಿಳಿವಳಿಕೆಯನ್ನು ಸ್ಟ್ರಾಬೆರಿಗೆ ಅನ್ವಯಿಸಿದ. ಪಾಶ್ಚಾತ್ಯ ತೋಟಗಾರಿಕೆ ಪುಸ್ತಕಗಳೆಲ್ಲ ಇಂದಿಗೂ ಉಪಯೋಗಿಸುವ ಮೂರು ಗುಂಪುಗಳು ಈ ಪಂಥದ ಕೊಡುಗೆ.

ಮೊದಲನೆಯದು ಜೂನ್ ಫಲದ ಗುಂಪು. ಹಗಲು ಕುಗ್ಗುವ ಶರತ್ಕಾಲದಲ್ಲಿ ಒಳಗೊಳಗೇ ಮೊಗ್ಗು ಕಟ್ಟಿಕೊಂಡು, ಹಿಮದಡಿ ಮಲಗಿ, ಬೇಸಗೆಯ ಆರಂಭದಲ್ಲಿ ಒಮ್ಮೆಲೇ ಹಣ್ಣು ಕೊಡುವ ತಳಿಗಳಿವು. ಎರಡನೆಯದು ಬೇಸಗೆಗೊಂದು, ಶರತ್ಕಾಲಕ್ಕೊಂದು ಎಂದು ಎರಡು ಫಸಲು ಕೊಡುವ ಗುಂಪು. ನ್ಯೂಯಾರ್ಕ್ ರಾಜ್ಯದ ಸ್ಯಾಮ್ಯುಯೆಲ್ ಕೂಪರ್ 1898ರಲ್ಲಿ ತನ್ನ ಹೊಲದಲ್ಲಿ ಕಂಡ ಪ್ಯಾನ್ ಅಮೆರಿಕನ್ ಎಂಬ ಗಿಡದಿಂದ ಅಮೆರಿಕದಲ್ಲಿ ಇದರ ವಂಶ ಬೆಳೆಯಿತು. ಮೂರನೆಯದು ಹಗಲಿನ ಉದ್ದವನ್ನು ಲೆಕ್ಕಿಸದ ಗುಂಪು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ ಯೂಟಾ ರಾಜ್ಯದ ವಾಸಾಚ್ ಬೆಟ್ಟಗಳಲ್ಲಿ ಸಿಕ್ಕ ಕಾಡು ಗಿಡವೊಂದರ ಈ ಗುಣವನ್ನು ವರ್ಷಗಳ ಸಂಕರಣದಿಂದ ದೊಡ್ಡ ಹಣ್ಣಿನ ತಳಿಗಳಿಗೆ ಇಳಿಸಿದ. 1979ರಲ್ಲಿ ಬಂದ ಏಪ್ಟಾಸ್, ಬ್ರೈಟನ್, ಹೆಕರ್ ಈ ಬಗೆಯ ಮೊದಲ ತಳಿಗಳು. 1981ರಲ್ಲಿ ಅಮೆರಿಕದ ಪೂರ್ವ ಭಾಗಕ್ಕೆಂದು ಟ್ರಿಬ್ಯೂಟ್, ಟ್ರೈಸ್ಟಾರ್ ಬಂದವು. ಈಗಿನ ಆಲ್ಬಿಯನ್, ಸ್ಯಾನ್ ಆಂಡ್ರಿಯಾಸ್, ಮಾಂಟರೇ ತಳಿಗಳು ಈ ಸಾಲಿನ ಮುಂದುವರಿಕೆ.

ಈ ಪಂಥದ ಸಲಹೆ ಸರಳವಾಗಿದೆ. ಒಂದೇ ಸಲ ಬುಟ್ಟಿ ತುಂಬ ಹಣ್ಣು ಬೇಕು, ಜಾಮ್ ಮಾಡಬೇಕು ಎನ್ನುವವರು ಜೂನ್ ಫಲದ ತಳಿ ನೆಡಲಿ. ದಿನಕ್ಕೆ ನಾಲ್ಕಾರು ಹಣ್ಣು ತಿಂಗಳುಗಟ್ಟಲೆ ಸಿಗಲಿ ಎನ್ನುವವರು ಮೂರನೆಯ ಗುಂಪಿಗೆ ಹೋಗಲಿ. ಲಂಡನ್ನಿಗೆ, ನ್ಯೂಯಾರ್ಕಿಗೆ, ಟೊರಾಂಟೋಗೆ ಇದು ಚಿನ್ನದಂಥ ಸಲಹೆ. ಅಲ್ಲಿ ನೆಲೆಸಿರುವ ಕನ್ನಡಿಗರು ಹಿತ್ತಿಲಲ್ಲಿ ಸ್ಟ್ರಾಬೆರಿ ನೆಡುವುದಾದರೆ ಈ ವಿಂಗಡಣೆಯನ್ನು ಕಣ್ಣು ಮುಚ್ಚಿ ನಂಬಬಹುದು.

ನಮ್ಮಲ್ಲಿ ಇದರ ಬುಡವೇ ಅಲುಗಾಡುತ್ತದೆ. ಜೂನ್ ಫಲದ ತಳಿ ಮೊಗ್ಗು ಕಟ್ಟಲು ಹಗಲು ಸುಮಾರು 14 ಗಂಟೆಗಿಂತ ಕಡಿಮೆ ಇರಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ಮೀರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಅಂದರೆ ಬೆಂಗಳೂರಿನ ಸೂರ್ಯ ಈ ತಳಿಗಳಿಗೆ ವರ್ಷಪೂರ್ತಿ ಅನುಮತಿ ಕೊಟ್ಟೇ ಇರುತ್ತಾನೆ. ಹಾಗಿದ್ದೂ ಅವು ಏಪ್ರಿಲ್ ಕಳೆದ ಮೇಲೆ ಹೂ ಬಿಡುವುದನ್ನು ನಿಲ್ಲಿಸುತ್ತವೆ. ಕಾರಣ ಬೇರೆಡೆ ಇರಬೇಕು.

ಚಳಿಯ ಲೆಕ್ಕ ಹೇಳುವವರು

ಆ ಕಾರಣ ಉಷ್ಣಾಂಶ ಎನ್ನುತ್ತದೆ ಎರಡನೆಯ ಪಂಥ. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ಜೂನ್ ಫಲದ ತಳಿಗಳೂ ಹಗಲಿನ ಉದ್ದವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅದಕ್ಕಿಂತ ಮೇಲಿನ ಹದವಾದ ಹವೆಯಲ್ಲಿ ಹಗಲು ಕಿರಿದಾಗಿರಬೇಕು. ಉಷ್ಣಾಂಶ 25ನ್ನು ದಾಟಿ ಏರುತ್ತ ಹೋದಂತೆ ಹಗಲು ಎಷ್ಟೇ ಕಿರಿದಾಗಿದ್ದರೂ ಮೊಗ್ಗು ಕಟ್ಟುವ ಕೆಲಸ ಕುಂಠಿತವಾಗುತ್ತದೆ. ಹಗಲನ್ನು ಲೆಕ್ಕಿಸದ ತಳಿಗಳಿಗೂ ಬಿಸಿಯಿಂದ ವಿನಾಯಿತಿಯಿಲ್ಲ. 30 ಡಿಗ್ರಿಯ ಆಸುಪಾಸಿನಲ್ಲಿ ಅವೂ ಮೊಗ್ಗು ಕಟ್ಟುವುದನ್ನು ಕೈಬಿಡುತ್ತವೆ.

ಹಾಗಾಗಿ ಬೆಚ್ಚಗಿನ ನಾಡುಗಳಲ್ಲಿ ಸ್ಟ್ರಾಬೆರಿಯ ಋತುವೇ ತಿರುಗುಮುರುಗು. ಫ್ಲೋರಿಡಾದ ಪ್ಲಾಂಟ್ ಸಿಟಿ ಸುತ್ತಿನ ರೈತರು ಅಕ್ಟೋಬರ್‌ನಲ್ಲಿ ನೆಟ್ಟು ಚಳಿಗಾಲವಿಡೀ ಹಣ್ಣು ಕೀಳುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯ ಬೆಳೆಸಿದ ಸ್ವೀಟ್ ಚಾರ್ಲಿ, ಫೆಸ್ಟಿವಲ್, ವಿಂಟರ್ ಡಾನ್ ತಳಿಗಳು ಈ ಋತುವಿಗೆಂದೇ ಹುಟ್ಟಿದವು: ಹೆಚ್ಚು ಚಳಿ ಬೇಡುವುದಿಲ್ಲ, ನೆಟ್ಟ ಕೆಲವೇ ವಾರಗಳಲ್ಲಿ ಹೂ ತೋರಿಸುತ್ತವೆ.

ಮಹಾರಾಷ್ಟ್ರದ ಮಹಾಬಲೇಶ್ವರ, ಪಂಚಗಣಿಗಳ ಕಥೆಯೂ ಇದೇ. ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದ ಈ ಗಿರಿಪ್ರದೇಶಕ್ಕೆ ಸ್ಟ್ರಾಬೆರಿ ಬಂದದ್ದು ಬ್ರಿಟಿಷರ ಕಾಲದಲ್ಲಿ. ದೇಶದ ಸ್ಟ್ರಾಬೆರಿಯಲ್ಲಿ ಶೇ. 85ರಷ್ಟು ಇಲ್ಲಿಂದಲೇ ಬರುತ್ತದೆ ಎಂಬುದು ರೂಢಿಯ ಅಂದಾಜು. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅಲ್ಲಿನವರು ಮಳೆ ಇಳಿಯುತ್ತಲೇ ನೆಟ್ಟು ಬೇಸಗೆ ಬಿಸಿಯೇರುವವರೆಗೆ ಕೊಯ್ಯುತ್ತಾರೆ. ಅವರ ಹೊಲಗಳಲ್ಲಿ ಹೆಸರಾದ ತಳಿಗಳ ಪಟ್ಟಿ ನೋಡಿ: ಸ್ವೀಟ್ ಚಾರ್ಲಿ, ವಿಂಟರ್ ಡಾನ್, ಕಾಮರೋಸಾ, ನಬೀಲಾ. ಹೆಚ್ಚಿನವು ಫ್ಲೋರಿಡಾ ಅಥವಾ ದಕ್ಷಿಣ ಕ್ಯಾಲಿಫೋರ್ನಿಯಾದಂಥ ಸೌಮ್ಯ ಚಳಿಯ ನೆಲಕ್ಕೆ ಹೊಂದುವ ಬಗೆಯವು.

ನಮ್ಮ ಮನೆತೋಟಕ್ಕೆ ಈ ಪಂಥ ಕೊಡುವ ಸೂತ್ರವೂ ಇದರಿಂದಲೇ ಹೊರಡುತ್ತದೆ. ವರ್ಷವಿಡೀ ಹಣ್ಣು ಕೊಡುವ ತಳಿಯ ಹಿಂದೆ ಬೀಳಬೇಡಿ. ದಸರೆಗೆ ನೆಟ್ಟರೆ ಸಂಕ್ರಾಂತಿಗೆ ಬಟ್ಟಲು ತುಂಬುವ ಬೇಗನೆಯ ತಳಿ ಹುಡುಕಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತು ಸ್ಟ್ರಾಬೆರಿಯ ಕ್ಯಾಲೆಂಡರಿಗೂ ಸಲ್ಲುತ್ತದೆ. ಆ ವೇಳೆಗೆ ಮುಖ್ಯ ಫಸಲು ಕೈಗೆ ಬಂದಿರಬೇಕು. ಯುಗಾದಿಯ ನಂತರ ಗಿಡ ಹಣ್ಣಿನ ಆಸೆ ಬಿಟ್ಟು ರನ್ನರ್, ಅಂದರೆ ಹೊಸ ಸಸಿ ಹೊರುವ ಬಳ್ಳಿ, ಚಾಚಲು ತೊಡಗುತ್ತದೆ.

ರುಚಿಯ ಪಕ್ಷ

ಮೂರನೆಯ ಪಂಥದವರಿಗೆ ಈ ಲೆಕ್ಕಾಚಾರವೆಲ್ಲ ವ್ಯಾಪಾರಿಗಳದ್ದು. ಅಂಗಡಿಯಲ್ಲಿ ಸಿಗುವ ತಳಿಯನ್ನೇ ಮನೆಯಲ್ಲೂ ಬೆಳೆಯುವುದಾದರೆ ಬೆಳೆಯುವುದಾದರೂ ಯಾಕೆ ಎಂಬುದು ಅವರ ಪ್ರಶ್ನೆ. ವಾಣಿಜ್ಯ ತಳಿಗಳು ಲಾರಿಯ ಕುಲುಕಾಟ ತಾಳುವ ಗಟ್ಟಿ ಹಣ್ಣಿಗಾಗಿ, ಏಕರೂಪದ ಗಾತ್ರಕ್ಕಾಗಿ, ಇಳುವರಿಗಾಗಿ ಆರಿಸಿದವು. ಅಡುಗೆಮನೆಯಿಂದ ಹತ್ತು ಹೆಜ್ಜೆ ದೂರದ ಕುಂಡಕ್ಕೆ ಆ ಗುಣ ಯಾಕೆ ಬೇಕು?

ಈ ಪಕ್ಷಕ್ಕೆ ಬಲವಾದ ಆಧಾರವೂ ಇದೆ. ಸ್ಟ್ರಾಬೆರಿ ಬಾಳೆಯಂತೆ ಕಿತ್ತ ಮೇಲೆ ಹಣ್ಣಾಗುವ ಜಾತಿಯಲ್ಲ. ಕಿತ್ತ ಹಣ್ಣು ಇನ್ನಷ್ಟು ಕೆಂಪಾದೀತು, ಸಿಹಿ ಮಾತ್ರ ಏರುವುದಿಲ್ಲ. ದೂರದ ಪೇಟೆಗೆ ಮುಕ್ಕಾಲು ಕೆಂಪಿಗೇ ಕೀಳುವುದರಿಂದ ಅಂಗಡಿಯ ಹಣ್ಣು ಹುಳಿಯಾಗಿರುತ್ತದೆ. ತೊಟ್ಟಿನ ಬುಡದವರೆಗೆ ಕೆಂಪಾಗುವ ತನಕ ಕಾಯುವ ಸೌಭಾಗ್ಯ ಮನೆಯವರದ್ದು.

ರುಚಿಪ್ರಿಯರ ಮೆಚ್ಚಿನ ಹೆಸರುಗಳಲ್ಲಿ ಇಂಗ್ಲೆಂಡಿನ ರಾಯಲ್ ಸಾವರಿನ್ ಹಳೆಯದು, 1892ರದ್ದು. ಫ್ರಾನ್ಸಿನ ಜಾಕ್ ಮಾರಿಯೊನೆ 1991ರಲ್ಲಿ ತಂದ ಮಾರಾ ದೆ ಬ್ವಾ ತಳಿಗೆ ಕಾಡು ಸ್ಟ್ರಾಬೆರಿಯ ಪರಿಮಳವಿದೆ. ಇನ್ನೂ ಮುಂದೆ ಹೋಗಿ ಆಲ್ಪೈನ್ ಎಂಬ ಕಾಡು ಸ್ಟ್ರಾಬೆರಿಯನ್ನೇ ಬೆಳೆಸುವವರಿದ್ದಾರೆ. ರ‍್ಯೂಗನ್, ಅಲೆಕ್ಸಾಂಡ್ರಿಯಾ, ಯೆಲ್ಲೋ ವಂಡರ್ ಅದರ ತಳಿಗಳು. ಹಣ್ಣು ಪುಟ್ಟದು, ಪರಿಮಳ ಅಗಾಧ. ಸಾಮಾನ್ಯವಾಗಿ ರನ್ನರ್ ಬಿಡದೆ ಗುಚ್ಛವಾಗಿ ಬೆಳೆಯುವುದರಿಂದ ಕುಂಡಕ್ಕೆ ಚೆನ್ನ. ದಪ್ಪ ಹಣ್ಣಿನ ತಳಿಗಳಿಗಿಲ್ಲದ ಇನ್ನೊಂದು ಅನುಕೂಲ ಇದಕ್ಕಿದೆ: ಬೀಜ ಬಿತ್ತಿದರೂ ತಾಯಿಯ ಗುಣವೇ ಬರುತ್ತದೆ. ಇದು ದೀರ್ಘಕಾಲ ಹೂ ಬಿಡುವುದಕ್ಕೆ ಕಾರಣ, ಹೂವನ್ನು ತಡೆಹಿಡಿಯುವ ವಂಶವಾಹಿಯೊಂದು ಕೆಟ್ಟಿರುವುದು ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಆದರೆ ರುಚಿ ಪೂರ್ತಿಯಾಗಿ ತಳಿಯ ಸೊತ್ತೇ? ಫ್ಲೋರಿಡಾ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಎರಡು ಮುಖ್ಯ ಸಂಗತಿ ಹೇಳಿತು. ಹಣ್ಣಿನ ಕೆಲವು ಸುವಾಸನೆಯ ವಸ್ತುಗಳು ಸಕ್ಕರೆಯ ಪ್ರಮಾಣ ಹೆಚ್ಚದಿದ್ದರೂ ನಾಲಿಗೆಗೆ ಸಿಹಿ ಹೆಚ್ಚಿದಂತೆ ಅನಿಸುವಂತೆ ಮಾಡುತ್ತವೆ. ಜೊತೆಗೆ, ಋತು ಮುಂದುವರಿದು ಹವೆ ಬಿಸಿಯಾದಂತೆ ಹಣ್ಣಿನ ಸಕ್ಕರೆ ಇಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸಿಹಿಯಾಗಿದ್ದ ಗಿಡವೇ ಮಾರ್ಚ್ ಕೊನೆಗೆ ಸಪ್ಪೆ ಹಣ್ಣು ಕೊಟ್ಟರೆ ಅದು ತಳಿಯ ದೋಷವಲ್ಲ.

ನಮ್ಮಲ್ಲಿ ಸುಲಭವಾಗಿ ಸಿಗುವ ತಳಿಗಳನ್ನೇ ರುಚಿಯ ಕಣ್ಣಿನಿಂದ ನೋಡಿದರೆ ಸ್ವೀಟ್ ಚಾರ್ಲಿಯಲ್ಲಿ ಹುಳಿ ಕಡಿಮೆ, ಮಕ್ಕಳಿಗೆ ಹಿಡಿಸುತ್ತದೆ, ಹಣ್ಣು ಮೆತ್ತಗೆ. 1983ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಚಾಂಡ್ಲರ್ ಹುಳಿ-ಸಿಹಿಯ ಹದ ಉಳ್ಳದ್ದು, ಜಾಮಿಗೆ ಒಳ್ಳೆಯದು. ಕಾಮರೋಸಾ ದೊಡ್ಡದು, ಗಟ್ಟಿ. ಪೂರ್ತಿ ಮಾಗಲು ಬಿಟ್ಟರೆ ಮಾತ್ರ ಅದರ ರುಚಿ ತಿಳಿಯುತ್ತದೆ.

ರೋಗದ ಲೆಕ್ಕ

ಬದುಕಿದರೆ ತಾನೇ ರುಚಿ ಎನ್ನುವುದು ನಾಲ್ಕನೆಯ ಪಂಥ. 1920ರ ದಶಕದಲ್ಲಿ ಸ್ಕಾಟ್‌ಲೆಂಡಿನ ಲ್ಯಾನಾರ್ಕ್‌ಶೈರಿನ ಸ್ಟ್ರಾಬೆರಿ ತೋಟಗಳನ್ನು ಬೇರು ಕೊಳೆ ರೋಗ ನುಂಗಿಹಾಕಿತು. ಅದಕ್ಕೆ ಉತ್ತರವಾಗಿ ಆಕಿನ್‌ಕ್ರೂವ್‌ನಲ್ಲಿ ರಾಬರ್ಟ್ ರೀಡ್ ರೋಗ ತಡೆಯುವ ತಳಿಗಳನ್ನು ಬೆಳೆಸಿದ. ಅವುಗಳಲ್ಲಿ ಆಕಿನ್‌ಕ್ರೂವ್ ಕ್ಲೈಮ್ಯಾಕ್ಸ್ ಎಂಬುದು ಬ್ರಿಟನ್ನಿನಲ್ಲೆಲ್ಲ ಹಬ್ಬಿತು. 1950ರ ದಶಕದಲ್ಲಿ ಎಲೆ ಹಳದಿಗಟ್ಟುವ ಒಂದು ಹುಟ್ಟುದೋಷದಿಂದ ಅದು ಕುಸಿದುಬಿತ್ತು. ಒಂದು ರೋಗವನ್ನು ಗೆದ್ದ ತಳಿ ಇನ್ನೊಂದು ಬಾಗಿಲಿನಿಂದ ಸೋಲಬಹುದು ಎಂಬ ಪಾಠ ಅಲ್ಲಿ ಸಿಕ್ಕಿತು.

ನಮ್ಮಲ್ಲಿ ಸ್ಟ್ರಾಬೆರಿಯ ದೊಡ್ಡ ಶತ್ರು ಮಳೆಗಾಲ. ನೀರು ನಿಂತ ಮಣ್ಣಿನಲ್ಲಿ ಬುಡ ಕೊಳೆಯುತ್ತದೆ. ಬೆಚ್ಚಗಿನ ತೇವದಲ್ಲಿ ಚಿಬ್ಬು ರೋಗ ಬರುತ್ತದೆ. ಮೋಡ ಕವಿದ ದಿನಗಳಲ್ಲಿ ಹಣ್ಣಿಗೆ ಬೂದು ಬೂಸು ಹಿಡಿಯುತ್ತದೆ. ಆಲ್ಬಿಯನ್ ಸೊರಗು ರೋಗ ಮತ್ತು ಬುಡ ಕೊಳೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಸ್ವೀಟ್ ಚಾರ್ಲಿಯ ಹಣ್ಣು ಚಿಬ್ಬಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬೂದು ಬೂಸನ್ನು ಪೂರ್ತಿ ತಡೆಯುವ ತಳಿ ಯಾವುದೂ ಇಲ್ಲ. ಬೇಸಗೆಯ ಒಣ ಹವೆಯಲ್ಲಿ ಎಲೆಯಡಿ ಬಲೆ ನೇಯುವ ನುಸಿಯದು ಇನ್ನೊಂದು ಕಾಟ.

ಇವುಗಳಿಗೆ ತಳಿಗಿಂತ ಕೈಗೆಲಸವೇ ಹೆಚ್ಚು ಉತ್ತರ ಕೊಡುತ್ತದೆ. ಸುಳಿ ಮಣ್ಣಿನ ಮಟ್ಟಕ್ಕೇ ಇರುವಂತೆ ನೆಡಬೇಕು. ಆಳಕ್ಕಿಳಿದರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಹಣ್ಣು ಮಣ್ಣಿಗೆ ತಾಗದಂತೆ ಹುಲ್ಲಿನ ಹೊದಿಕೆ ಹಾಸಬೇಕು. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕಬೇಕು, ಎಲೆಗಲ್ಲ. ಉಪ್ಪನ್ನು ಸ್ಟ್ರಾಬೆರಿ ಬಹಳ ಕಡಿಮೆ ಸಹಿಸುವ ಬೆಳೆ. ಬೋರ್‌ವೆಲ್‌ನ ಗಡಸು ನೀರಿಗೆ ಎಲೆಯಂಚು ಸುಟ್ಟಂತಾದರೆ ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವುದಕ್ಕಿಂತ ಮಳೆನೀರು ಹಿಡಿದಿಟ್ಟು ಕೊಡುವುದು ಲೇಸು.

ತಳಿಯಲ್ಲ, ಸಸಿ ಎನ್ನುವವರು

ಕೊನೆಯ ಪಂಥ ಈ ಇಡೀ ಚರ್ಚೆಯನ್ನೇ ಪಕ್ಕಕ್ಕಿಡುತ್ತದೆ. ತಳಿ ಯಾವುದಾದರೂ ಇರಲಿ, ಸಸಿ ಆರೋಗ್ಯವಾಗಿದೆಯೇ ಎಂಬುದೊಂದೇ ಅವರ ಪ್ರಶ್ನೆ. ಸ್ಟ್ರಾಬೆರಿ ರನ್ನರ್ ಮೂಲಕ ವಂಶ ಬೆಳೆಸುತ್ತದೆ. ಪ್ರತಿ ರನ್ನರ್ ಸಸಿಯೂ ತಾಯಿಯ ತದ್ರೂಪು, ತಾಯಿಯ ನಂಜುರೋಗಕ್ಕೂ ವಾರಸುದಾರ. ಸಸ್ಯಹೇನುಗಳಿಂದ ಹರಡುವ ನಂಜು ಕೂಡುತ್ತ ಹೋದಂತೆ ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹಿಂದಿನವರು ಇದನ್ನು ತಳಿಗೆ ವಯಸ್ಸಾಯಿತು ಎಂದು ಅರ್ಥೈಸಿದ್ದರು. ರಾಯಲ್ ಸಾವರಿನ್ ಹಾಗೆ ಕ್ಷೀಣಿಸಿದಾಗ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ ಆರೋಗ್ಯವಂತ ಗಿಡಗಳನ್ನು ಆಯ್ದು ಬೆಳೆಸಿ ಅದೇ ತಳಿಗೆ ಮರುಜೀವ ಕೊಟ್ಟಿತು. ತಳಿ ಮುದಿಯಾಗಿರಲಿಲ್ಲ, ಸಸಿಗಳು ಕಾಯಿಲೆ ಬಿದ್ದಿದ್ದವು. 1970ರ ದಶಕದಲ್ಲಿ ಬೆಲ್ಜಿಯಂನ ಫಿಲಿಪ್ ಬಾಕ್ಸಸ್ ಸ್ಟ್ರಾಬೆರಿಯ ಅಂಗಾಂಶ ಕೃಷಿಯ ವಿಧಾನವನ್ನು ರೂಪಿಸಿದ ಮೇಲೆ ಶುದ್ಧ ಸಸಿಗಳನ್ನು ರಾಶಿರಾಶಿ ತಯಾರಿಸುವುದು ಸಾಧ್ಯವಾಯಿತು.

ಈ ಪಂಥದ ಎಚ್ಚರಿಕೆ ಮನೆತೋಟದವರಿಗೆ ನೇರವಾಗಿ ತಾಗುತ್ತದೆ. ಗೆಳೆಯರ ಮನೆಯ ನಾಲ್ಕು ವರ್ಷದ ಗಿಡದಿಂದ ಬಂದ ರನ್ನರ್ ಎಷ್ಟೇ ಪ್ರಸಿದ್ಧ ತಳಿಯದ್ದಾದರೂ ಹೊಸ ಸಸಿಗೆ ಸಮವಲ್ಲ. ಆನ್‌ಲೈನಿನಲ್ಲಿ ಮಾರುವ ನೀಲಿ, ಕಪ್ಪು ಸ್ಟ್ರಾಬೆರಿಯ ಬೀಜಗಳಂತೂ ಶುದ್ಧ ಮೋಸ. ನೀಲಿ ಸ್ಟ್ರಾಬೆರಿ ಎಂಬ ತಳಿಯೇ ಇಲ್ಲ. ಕೆಂಪು ದಪ್ಪ ಹಣ್ಣನ್ನು ಬೀಜದಿಂದ ಪಡೆಯಬೇಕೆಂದರೆ ಅದಕ್ಕೆಂದೇ ರೂಪಿಸಿದ ಸಂಕರ ಬೀಜದ ತಳಿಗಳಿವೆ. ತಿಂದ ಹಣ್ಣಿನ ಬೀಜ ಆ ಕೆಲಸಕ್ಕೆ ಬಾರದು.

ನಮ್ಮ ಊರುಗಳಿಗೆ ಒರೆಹಚ್ಚಿದಾಗ

ನೀಲಗಿರಿಯ ಹೆಸರನ್ನೇ ಹೊತ್ತ ಕಾಡು ಸ್ಟ್ರಾಬೆರಿಯೊಂದಿದೆ, ಹಿಮಾಲಯದಲ್ಲಿ ಇನ್ನೊಂದು ಜಾತಿಯಿದೆ. ಅಂದರೆ ನಮ್ಮ ಬೆಟ್ಟಗಳಿಗೆ ಈ ಕುಲ ಹೊಸದಲ್ಲ. ರಾಷ್ಟ್ರೀಯ ತೋಟಗಾರಿಕಾ ಮಂಡಳಿ ಕೊಡುವ ತಳಿಗಳ ಪಟ್ಟಿಯಲ್ಲಿ ಕಟ್ರೈನ್ ಸ್ವೀಟ್, ಪೂಸಾ ಅರ್ಲಿ ಡ್ವಾರ್ಫ್‌ಗಳ ಜೊತೆ ಬೆಂಗಳೂರಿನ ಹೆಸರಿನದೇ ತಳಿಯೊಂದಿದೆ. ಈಗ ಪೇಟೆಯನ್ನು ಆಳುತ್ತಿರುವುದು ಹೊರನಾಡಿನ ತಳಿಗಳು.

ಬೆಂಗಳೂರು, ಮೈಸೂರು, ಹಾಸನ, ಬೆಳಗಾವಿಯಂಥ ಎತ್ತರದ ಬಯಲುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಯ ಸುತ್ತ ಇಳಿಯುತ್ತವೆ. ಇಲ್ಲಿ ಚಳಿಯ ಪಂಥದ ಮಾತೇ ಗಟ್ಟಿ: ಸ್ವೀಟ್ ಚಾರ್ಲಿ, ವಿಂಟರ್ ಡಾನ್‌ಗಳಂಥ ಬೇಗನೆಯ ತಳಿಗಳು ಮೊದಲ ಆಯ್ಕೆ. ಕೊಡಗು, ಚಿಕ್ಕಮಗಳೂರಿನಲ್ಲಿ ತಂಪು ಹೆಚ್ಚು ಕಾಲ ಉಳಿಯುವುದರಿಂದ ಆಲ್ಬಿಯನ್ ಪ್ರಯತ್ನಿಸಲು ಯೋಗ್ಯ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೀಳದ ಸೂರು ಬೇಕು. ವಿಜಯಪುರ, ಕಲಬುರಗಿಯಲ್ಲಿ ಚಳಿಗಾಲದ ರಾತ್ರಿ ಅನುಕೂಲವಾಗಿದ್ದರೂ ಹಗಲಿನ ಬಿಸಿಲಿಗೂ ನೀರಿನ ಉಪ್ಪಿಗೂ ಉಪಾಯ ಮಾಡಿಕೊಳ್ಳಬೇಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಯಾವ ತಳಿಯೂ ನೆಚ್ಚಿಕೆಯ ಫಸಲು ಕೊಡಲಾರದು. ಅಲ್ಲಿ ಒಂದೆರಡು ಗಿಡವನ್ನು ಚಂದಕ್ಕೆ ಇಟ್ಟುಕೊಳ್ಳಬಹುದು, ಅಷ್ಟೆ.

ಇನ್ನೂ ಬಗೆಹರಿಯದ್ದು

ಇಷ್ಟೆಲ್ಲ ಆದ ಮೇಲೂ ಕೆಲವು ಪ್ರಶ್ನೆಗಳು ಉಳಿಯುತ್ತವೆ.

ಮೊದಲನೆಯದು, ಹಗಲನ್ನು ಲೆಕ್ಕಿಸದ ತಳಿಗಳಿಂದ ಉಷ್ಣವಲಯದ ಬೆಟ್ಟಗಳಿಗೆ ನಿಜವಾದ ಲಾಭವಿದೆಯೇ? ಹಗಲು ಎಂದೂ ಉದ್ದವಾಗದ ನೆಲದಲ್ಲಿ ಅವುಗಳ ವಿಶೇಷ ಗುಣಕ್ಕೆ ಕೆಲಸವಿಲ್ಲ ಎಂಬುದು ಒಂದು ವಾದ. ಅವು ಕೊಂಚ ಹೆಚ್ಚಿನ ಬಿಸಿಯಲ್ಲೂ ಹೂ ಮುಂದುವರಿಸುತ್ತವೆ ಎಂಬುದು ಇನ್ನೊಂದು.

ಎರಡನೆಯದು, ಬಿಸಿ ರಾತ್ರಿಗಳನ್ನು ತಾಳಿ ಹೂ ಕಟ್ಟುವ ತಳಿ ಬಂದೀತೇ? ಸ್ಟ್ರಾಬೆರಿಯ ಪೂರ್ಣ ವಂಶನಕ್ಷೆ 2019ರಲ್ಲಿ ಪ್ರಕಟವಾದ ಮೇಲೆ ತಳಿ ಸಂಶೋಧಕರ ಕೈಗೆ ಹೊಸ ಆಯುಧ ಸಿಕ್ಕಿದೆ. ನಗರಗಳು ಬಿಸಿಯಾಗುತ್ತಿರುವ ವೇಗಕ್ಕೆ ಅದು ಸಾಟಿಯಾಗುವುದೇ ಎಂಬುದು ಬೇರೆ ಮಾತು. ಪರಿಮಳವನ್ನೂ ಇಳುವರಿಯನ್ನೂ ಒಂದೇ ಗಿಡದಲ್ಲಿ ಕೂಡಿಸುವ ಕೆಲಸವೂ ಮುಗಿದಿಲ್ಲ.

ಮೂರನೆಯದು ಬೀದಿದೀಪದ ಪ್ರಶ್ನೆ. ಸ್ಟ್ರಾಬೆರಿ ರಾತ್ರಿಯ ಮಂದ ಬೆಳಕಿಗೂ ಸ್ಪಂದಿಸುತ್ತದೆ. ಜಪಾನಿನ ರೈತರು ದೀಪ ಹಚ್ಚಿ ಗಿಡವನ್ನು ಎಚ್ಚರವಾಗಿಡುವುದುಂಟು. ಹಾಗಾದರೆ ರಾತ್ರಿಯಿಡೀ ದೀಪ ಉರಿಯುವ ತಾರಸಿಯ ಗಿಡಕ್ಕೆ ಹಗಲು ಎಷ್ಟು ಉದ್ದ?

ನಾಲ್ಕನೆಯದು ಆಯುಸ್ಸಿನದು. ಬ್ರಿಟನ್ನಿನ ಮನೆತೋಟದವರು ಒಂದು ಗಿಡವನ್ನು ಮೂರು ವರ್ಷ ಇಟ್ಟುಕೊಳ್ಳುತ್ತಾರೆ. ಮಹಾಬಲೇಶ್ವರದ ರೈತರು ಪ್ರತಿ ವರ್ಷ ಹೊಸದಾಗಿ ನೆಡುತ್ತಾರೆ. ನಮ್ಮ ಮಳೆಗಾಲ ದಾಟಿಸಿ ಗಿಡ ಉಳಿಸಿಕೊಳ್ಳುವ ಶ್ರಮಕ್ಕೆ ಎರಡನೆಯ ವರ್ಷದ ಹಣ್ಣು ತಕ್ಕ ಪ್ರತಿಫಲವೇ ಎಂಬುದರಲ್ಲಿ ಬೆಳೆದವರಲ್ಲೇ ಒಮ್ಮತವಿಲ್ಲ.

ಐದನೆಯದು ಹೆಸರಿನದು. ಕುಂಡದ ಮೇಲೆ ಅಂಟಿಸಿದ ಚೀಟಿಯಲ್ಲಿರುವ ತಳಿಯೇ ಒಳಗಿನ ಗಿಡ ಎಂದು ಎಲೆ ನೋಡಿ ಹೇಳುವುದು ಕಷ್ಟ. ಹೆಸರೇ ತಪ್ಪಾಗಿದ್ದರೆ ತಳಿಯ ಬಗ್ಗೆ ಕಟ್ಟಿದ ಅಭಿಪ್ರಾಯಗಳೂ ತಪ್ಪಾಗುತ್ತವೆ.

ಈ ಪ್ರಶ್ನೆಗಳಿಗೆ ಉತ್ತರ ಕ್ಯಾಲಿಫೋರ್ನಿಯಾದಿಂದಲೋ ಫ್ಲೋರಿಡಾದಿಂದಲೋ ಬರುವುದಿಲ್ಲ, ನಮ್ಮ ತಾರಸಿಗಳಿಂದಲೇ ಬರಬೇಕು. ಅಲ್ಲಿಯವರೆಗೆ ಆಯ್ಕೆಯ ಕ್ರಮ ಹೀಗಿರಲಿ: ಮೊದಲು ಹವೆ, ಆಮೇಲೆ ಸಸಿಯ ಆರೋಗ್ಯ, ಕೊನೆಗೆ ರುಚಿ. ನಂಬಿಕೆಯ ನರ್ಸರಿಯಿಂದ ಅಕ್ಟೋಬರ್‌ನಲ್ಲಿ ಎರಡು ತಳಿ ತನ್ನಿ. ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು ಕೊಟ್ಟು ಅಕ್ಕಪಕ್ಕ ಬೆಳೆಸಿ. ಹೂ ಬಂದ ದಿನ, ಕೊನೆಯ ಹಣ್ಣು ಕಿತ್ತ ದಿನ ಬರೆದಿಟ್ಟು, ನಿಮ್ಮೂರಿನಲ್ಲಿ ಗೆದ್ದ ತಳಿ ಯಾವುದೆಂದು ನೆರೆಹೊರೆಯವರಿಗೆ ಹೇಳಿ. ಮಾವಿನ ವಿಷಯದಲ್ಲಿ ಹಿರಿಯರು ಮಾಡಿಟ್ಟ ಕೆಲಸವನ್ನು ಸ್ಟ್ರಾಬೆರಿಯ ವಿಷಯದಲ್ಲಿ ನಾವೇ ಮಾಡಬೇಕಾಗಿದೆ.